ಮೂರು ಕುಡ್ತೆ ಅಕ್ಕಿ ಒಂದೂಕಾಲಾದಾಗ

ಕಳೆದ ವರ್ಷ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಶುರುವಾಗುವ ಜಡಿಮಳೆಯ ತಿಂಗಳಲ್ಲಿ, ನಮ್ಮ ಸಣ್ಣವಳನ್ನು ಕಾಸರಗೋಡು ಸ್ಟೇಷನ್ನಿನಲ್ಲಿ ಬೆಂಗಳೂರು ರೈಲು ಹತ್ತಿಸಿ ಬಂದೆವು. ಮಳೆ ಅಂದರೆ ಮಳೆ. ಬದಿಯಡ್ಕ ದಾಟಿ ಮನೆ ಸೇರುವಾಗ ಕರೆಂಟೂ ಇರಲಿಲ್ಲ, ಮಾತಾಡದೆ ಮಲಗಿದೆವು. ಮರುದಿನ ಎದ್ದು ಯಾವತ್ತಿನ ಹಾಗೆ ಮೂರು ಕುಡ್ತೆ (ನಮ್ಮ ಕಡೆ ಅಕ್ಕಿ ಅಳೆಯುವ ಸಣ್ಣ ಪಾತ್ರೆ) ಕುಚ್ಚಲಕ್ಕಿ ತೊಳೆದು ಒಲೆಗೆ ಇಟ್ಟೆ. ಮಧ್ಯಾಹ್ನ ನಾನು, ಇವರು, ಅತ್ತೆ ಮೂವರೂ ಉಂಡೆದ್ದ ಮೇಲೆ ಮುಚ್ಚಳ ತೆಗೆದು ನೋಡಿದರೆ ಅರ್ಧ ಪಾತ್ರೆ ಅನ್ನ ಹಾಗೇ ಇದೆ. ಸ್ಟೇಷನ್ನಿನಲ್ಲಿ ಬಾರದ ಅಳು ಆಗ ಬಂತು.

ನಿಜ ಹೇಳಬೇಕೆಂದರೆ ದೊಡ್ಡವನು ದುಬೈಗೆ ಹೋದಾಗಲೂ, ನಡುವಿನವಳು ಮದುವೆಯಾಗಿ ಪುತ್ತೂರಿಗೆ ಹೋದಾಗಲೂ ನಾನು ಅಳತೆ ಬದಲಿಸಿರಲಿಲ್ಲ. ಸಣ್ಣವಳು ಇದ್ದಾಳಲ್ವಾ, ಅವಳ ಜೊತೆ ಯಾರಾದರೂ ಬರುತ್ತಾರೆ, ಉಳಿದರೆ ದನಕ್ಕೆ ಆಯಿತು ಅಂತ ಸುಮ್ನೆ ನಡೆಸಿದ್ದು. ಅಕ್ಕಿ ಮಾತ್ರ ಅಲ್ಲ, ಮನೆಯ ಎಲ್ಲವೂ ಆರು ಜನರ ಅಳತೆಯಲ್ಲೇ ನಿಂತಿತ್ತು. ತರಕಾರಿ ಸಾಲು, ದೋಸೆ ಹಿಟ್ಟು, ತೊಳೆಯುವ ಬಟ್ಟೆ, ಮಾತು ಕೂಡ. ಈ ಅಳತೆಗಳನ್ನು ಒಂದೊಂದಾಗಿ ಸರಿ ಮಾಡಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ಈ ಸಲ ಯಾರ ಮನೆಯಿಂದ ಕೊನೆಯ ಮಗು ಹೊರಡುತ್ತದೋ ಅವರಿಗೆ ಉಪಯೋಗ ಆಗಲಿ ಅಂತ ನಾನು ಮಾಡಿದ್ದನ್ನೂ, ತಪ್ಪಿದ್ದನ್ನೂ ಬರೆಯುತ್ತಿದ್ದೇನೆ.

ಹೊರಡುವ ಮೊದಲು ಮಾಡಬೇಕಾದ ಒಂದೇ ಕೆಲಸ

ಮಗುವಿನ ಬ್ಯಾಗಿಗೆ ಏನು ಹಾಕಬೇಕು ಅಂತ ಎಲ್ಲರೂ ಪಟ್ಟಿ ಮಾಡುತ್ತಾರೆ. ಅದರ ಬದಲು ಆ ಮಗು ಮನೆಯಲ್ಲಿ ಏನೇನು ಮಾಡುತ್ತಿತ್ತು ಅಂತ ಒಂದು ವಾರ ಗಮನಿಸಿ ಬರೆದಿಡಿ. "ಏನೂ ಕೆಲಸ ಮಾಡುವುದಿಲ್ಲ, ಯಾವಾಗಲೂ ಫೋನ್" ಅಂತ ನಾನು ದಿನಾ ಬೈಯುತ್ತಿದ್ದೆ. ಹೋದ ಮೇಲೆ ಗೊತ್ತಾಯಿತು, ಆ ಫೋನಿನಲ್ಲೇ ಅವಳು ಅರ್ಧ ಮನೆ ನಡೆಸುತ್ತಿದ್ದಳು. ಕರೆಂಟ್ ಬಿಲ್ ಕಟ್ಟುವುದು, ಗ್ಯಾಸ್ ಬುಕ್ ಮಾಡುವುದು, ಅಜ್ಜಿಯ ಮಾತ್ರೆ ಮುಗಿಯುವ ಮೊದಲೇ ಹೇಳುವುದು ಎಲ್ಲ ಅವಳದ್ದೇ.

ನಮ್ಮ ಕಡೆ ಇನ್ನೊಂದು ಉಂಟು. ನಾವೆಲ್ಲ ಕನ್ನಡ ಶಾಲೆಯಲ್ಲಿ ಓದಿದವರು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿ ಎಷ್ಟೋ ವರ್ಷ ಆಯಿತು, ಆದರೂ ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಪಂಚಾಯತಿನಿಂದ ಬಂದ ಕಾಗದ, ಔಷಧದ ಚೀಟಿ, ಬಸ್ಸಿನ ಬೋರ್ಡು ಎಲ್ಲ ಓದಿ ಹೇಳುತ್ತಿದ್ದವಳು ಅವಳು. ಅವಳು ಹೋದ ಹತ್ತನೇ ದಿನ ಒಂದು ಮಲಯಾಳ ನೋಟಿಸ್ ಬಂತು. ಇವರು ಅದನ್ನು ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದರು, ಕೊನೆಗೆ ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಓದಿಸಿದರೆ ನೀರಿನ ಬಾವಿಗೆ ಕ್ಲೋರಿನ್ ಹಾಕುವ ವಿಷಯ! ಈಗ ನಾನು ಫೋನಿನಲ್ಲಿ ಫೋಟೋ ತೆಗೆದು ಭಾಷಾಂತರ ಮಾಡುವುದನ್ನು ಕಲಿತಿದ್ದೇನೆ. ಮಗು ಮನೆಯಲ್ಲಿ ಇರುವಾಗಲೇ ಇದನ್ನು ಕಲಿಸಿಕೊಳ್ಳಿ, ಅದೂ ಅವರು ಮಾಡಿ ತೋರಿಸುವುದಲ್ಲ, ನಿಮ್ಮ ಬೆರಳಲ್ಲೇ ಮಾಡಿಸಬೇಕು. ಪಾಸ್‌ವರ್ಡ್‌ಗಳನ್ನು ಪಂಚಾಂಗದಲ್ಲಿ ಬರೆದಿಡಬೇಡಿ, ಎಲ್ಲರೂ ಮೊದಲು ತೆಗೆಯುವ ಪುಸ್ತಕ ಅದೇ.

ಅಡಿಗೆಯ ಅಳತೆ

ಇದು ಬೇಗ ಮುಗಿಯುವ ವಿಷಯ. ಹಳೇ ಕುಡ್ತೆಯನ್ನು ಬದಲಿಸಬೇಡಿ, ಎಣಿಕೆ ಬದಲಿಸಿ. ನಮ್ಮ ಮೂವರಿಗೆ ಒಂದೂಕಾಲು ಕುಡ್ತೆ ಸಾಕು, ಅದರಲ್ಲಿ ಅತ್ತೆಯ ರಾತ್ರಿಯ ಗಂಜಿಯೂ ಬಂತು. ದೋಸೆಗೆ ಒಂದು ಕುಡ್ತೆ ಬೆಳ್ತಿಗೆ (ಬಿಳಿ) ಅಕ್ಕಿಗೆ ಕಾಲು ಕುಡ್ತೆ ಉದ್ದು. ದೊಡ್ಡ ಗ್ರೈಂಡರಿನಲ್ಲಿ ಇಷ್ಟು ಸ್ವಲ್ಪ ಹಾಕಿದರೆ ಕಲ್ಲು ಸುಮ್ನೆ ತಿರುಗುತ್ತದೆ, ಹಿಟ್ಟು ಬದಿಗೆ ಹತ್ತಿ ಕೂರುತ್ತದೆ. ಮಿಕ್ಸಿಯಲ್ಲಿ ತಣ್ಣೀರು ಹಾಕಿ ಎರಡು ಸಲ ರುಬ್ಬಿ. ದೊಡ್ಡ ಪಾತ್ರೆಗಳನ್ನು ಅಟ್ಟಕ್ಕೆ ಹಾಕುವ ಅವಸರ ಬೇಡ, ಕೈಗೆ ಸಿಗುವ ಕೆಳಗಿನ ಶೆಲ್ಫಿನಿಂದ ಸ್ವಲ್ಪ ಮೇಲಕ್ಕೆ ಇಟ್ಟರೆ ಸಾಕು.

ಫೋನ್

ಮೊದಲ ವಾರ ದಿನಕ್ಕೆ ಆರು ಸಲ ಮಾಡುತ್ತಿದ್ದೆ. "ತಿಂಡಿ ಆಯ್ತಾ, ಊಟ ಆಯ್ತಾ, ಮಳೆ ಉಂಟಾ." ಅವಳು ಪಿಸುಮಾತಿನಲ್ಲಿ "ಅಮ್ಮಾ, ಕ್ಲಾಸಲ್ಲಿದ್ದೇನೆ" ಅಂತ ಹೇಳಿ ಇಡುತ್ತಿದ್ದಳು. ಅತ್ತೆ ಒಂದು ದಿನ ಜಗಲಿಯಿಂದಲೇ ಹೇಳಿದರು, "ಅವಳು ಅಲ್ಲಿ ಬೇರು ಹಿಡಿಯಲಿ ಮಾರಾಯ್ತಿ. ನೆಟ್ಟ ಗಿಡವನ್ನು ದಿನಾ ಕಿತ್ತು ನೋಡಿದರೆ ಬದುಕುತ್ತದಾ?" ನನಗೆ ಸಿಟ್ಟು ಬಂತು. ಆದರೆ ಹೇಳಿದ್ದು ಸರಿ.

ಈಗ ರಾತ್ರಿ ಎಂಟೂವರೆಗೆ ಅವಳೇ ಮಾಡುತ್ತಾಳೆ. ಮಾಡದ ದಿನ ನಾನು ಕಾಯುವುದಿಲ್ಲ. ಅಂದರೆ ಕಾಯುತ್ತೇನೆ, ಮಾಡುವುದಿಲ್ಲ. ಒಂದು ಉಪಾಯ ಹೇಳುತ್ತೇನೆ: ಪ್ರಶ್ನೆ ಕೇಳುವ ಬದಲು ಸುದ್ದಿ ಹೇಳಿ. "ಊಟ ಆಯ್ತಾ" ಅಂದರೆ "ಆಯ್ತು" ಅಂತ ಒಂದೇ ಉತ್ತರ. "ಇವತ್ತು ನವಿಲು ಬಂದು ಹರಿವೆ ಪೂರಾ ಕೆದಕಿ ಹಾಕಿತು" ಅಂದರೆ ಅವಳು ಅರ್ಧ ಗಂಟೆ ಮಾತಾಡುತ್ತಾಳೆ. ಸುದ್ದಿ ಬೇಕು ಅಂದರೆ ಮನೆಯಲ್ಲಿ ಏನಾದರೂ ನಡೆಯಬೇಕು. ಅದಕ್ಕೇ ನಾನು ತರಕಾರಿಗೆ ಇಳಿದದ್ದು.

ತರಕಾರಿ: ಮೊದಲು ನೀರು ಎಣಿಸಿ, ಆಮೇಲೆ ಬೀಜ

ಅಡಿಕೆ ತೋಟ ಇವರದ್ದು, ಅದರ ವಿಷಯ ಬಿಡಿ. ಮನೆಯ ಹಿಂದಿನ ತರಕಾರಿ ಸಾಲು ಮೊದಲು ಅತ್ತೆಯದ್ದಾಗಿತ್ತು, ಅವರ ಮಂಡಿನೋವಿನಿಂದ ನಾಲ್ಕೈದು ವರ್ಷ ಹಾಳು ಬಿದ್ದಿತ್ತು. ಸಣ್ಣವಳು ಹೋದ ಬೇಸರಕ್ಕೆ ನಾನು ಎರಡನೇ ವಾರವೇ ಹಾರೆ ಹಿಡಿದು ಇಳಿದೆ. ಜುಲೈ ಕೊನೆ, ಮಳೆ ನಿಲ್ಲುವ ಲಕ್ಷಣ ಇಲ್ಲ. ಹತ್ತು ಬಸಳೆ ಬಳ್ಳಿ ನೆಟ್ಟೆ, ಹರಿವೆ ಬೀಜ ಚೆಲ್ಲಿದೆ. ಹರಿವೆ ಮೊಳಕೆ ಒಂದೇ ಜಡಿಮಳೆಗೆ ತೊಳೆದು ಹೋಯಿತು, ಬಸಳೆ ಬುಡ ಕೊಳೆತು ಕಪ್ಪಾಯಿತು. ಅತ್ತೆ ನಗಲಿಲ್ಲ, "ಆಟಿಯಲ್ಲಿ ಯಾರಾದರೂ ಬಸಳೆ ನೆಡುತ್ತಾರಾ?" ಅಂತ ಮಾತ್ರ ಕೇಳಿದರು.

ಹಾಗಾಗಿ ಮೊದಲ ಪಾಠ: ಬೇಸರದ ಲೆಕ್ಕದಲ್ಲಿ ಗಿಡ ನೆಡಬೇಡಿ, ತಿಂಗಳ ಲೆಕ್ಕದಲ್ಲಿ ನೆಡಿ. ಬೆಂಡೆ, ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ ಇವನ್ನೆಲ್ಲ ಮಳೆ ಹಿಡಿಯುವ ಹೊತ್ತಿಗೆ, ಅಂದರೆ ಜೂನ್ ಮೊದಲಿಗೆ, ಏರಿ ಮಾಡಿ ಹಾಕಿದರೆ ಆಗುತ್ತದೆ. ಆಗ ತಪ್ಪಿಸಿಕೊಂಡರೆ ನವರಾತ್ರಿ ತನಕ ಸುಮ್ಮನಿರಿ. ಹರಿವೆ, ಅಲಸಂಡೆ, ಬಸಳೆ, ಬದನೆ, ಮೆಣಸು ಇವಕ್ಕೆಲ್ಲ ಮಳೆ ಕಡಿಮೆಯಾದ ಮೇಲೆಯೇ ಸುಖ. ಸಾಂಬಾರು ಸೌತೆಗೆ ಧನು ತಿಂಗಳು, ಅಂದರೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನ ತನಕ.

ಎರಡನೆಯದು ನೀರು. ಅಕ್ಟೋಬರಿನಲ್ಲಿ ನೀರು ನೋಡಿ ಗಿಡ ಎಣಿಸಿದರೆ ಏಪ್ರಿಲ್‌ನಲ್ಲಿ ಅಳಬೇಕಾಗುತ್ತದೆ. ಈ ಊರಿನಲ್ಲಿ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬಿದ್ದರೂ ಮಾರ್ಚ್ ಬರುವಾಗ ಬಾವಿ ತಳ ಕಾಣುತ್ತದೆ. ನಮಗೆ ಇರುವುದು ಮಾವನ ಕಾಲದ ಒಂದು ಸುರಂಗ, ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದದ್ದು. ಅದರ ನೀರು ತನ್ನಷ್ಟಕ್ಕೇ ಹರಿದು ತೊಟ್ಟಿಗೆ ಬೀಳುತ್ತದೆ. ಮಳೆಗಾಲದಲ್ಲಿ ಕೈಯಷ್ಟು ದಪ್ಪ, ಏಪ್ರಿಲ್‌ನಲ್ಲಿ ನೂಲಿನಷ್ಟು. ಆ ನೂಲಿನಲ್ಲಿ ತರಕಾರಿಗೆ ದಿನಕ್ಕೆ ಎಂಟು ಕೊಡಪಾನ ಸಿಗುತ್ತದೆ ಅಂತ ಅತ್ತೆಗೆ ನೆನಪಿತ್ತು. ಒಂದು ಕೊಡಪಾನ ನಾಲ್ಕು ಬುಡಕ್ಕೆ ಅಂತ ಇಟ್ಟರೆ ಮೂವತ್ತೆರಡು ಬುಡ. ಅದಕ್ಕಿಂತ ಒಂದು ಗಿಡವೂ ಜಾಸ್ತಿ ಬೇಡ. ನಿಮ್ಮ ಮನೆಯ ನೀರು ನಿಮಗೆ ಗೊತ್ತು, ಹೀಗೇ ಲೆಕ್ಕ ಹಾಕಿ.

ಮೂವರಿಗೆ ನಾನು ಹಾಕಿದ್ದು ಇಷ್ಟು: ಬಸಳೆ ಮೂರು ಬುಡ, ಅಲಸಂಡೆ ಎಂಟು, ಬೆಂಡೆ ಎಂಟು, ಬದನೆ ಎರಡು, ತೊಂಡೆ ಒಂದೇ ಒಂದು, ಗಾಂಧಾರಿ ಮೆಣಸು ಎರಡು, ಆಮೇಲೆ ಸೌತೆ ನಾಲ್ಕು. ಇಪ್ಪತ್ತೆಂಟಾಯಿತು. ಉಳಿದ ನಾಲ್ಕು ಬುಡದ ನೀರು ಹರಿವೆ ಮಡಿಗೆ. ತೊಂಡೆ ಎರಡು ಹಾಕುವ ಆಸೆ ಆಗುತ್ತದೆ, ಬೇಡ, ಮೂವರಿಗೆ ಒಂದು ಬಳ್ಳಿಯೇ ಜಾಸ್ತಿ, ಕೊನೆಗೆ ನೆರೆಯವರು ನಿಮ್ಮನ್ನು ಕಂಡರೆ ಅಡಗುತ್ತಾರೆ. ಹರಿವೆಯನ್ನು ಮೂರು ಅಡಿ ಅಗಲ ಆರು ಅಡಿ ಉದ್ದದ ಮಡಿಯಲ್ಲಿ ಪೂರ್ತಿ ಒಂದೇ ಸಲ ಬಿತ್ತಬೇಡಿ. ಅರ್ಧ ಮಡಿ ಈಗ, ಇನ್ನರ್ಧ ಹದಿನೈದು ದಿನ ಬಿಟ್ಟು. ಬೀಜ ಸಾಸಿವೆಗಿಂತಲೂ ಸಣ್ಣದು, ಒಂದು ಹಿಡಿ ಒಣ ಹೊಯಿಗೆಯಲ್ಲಿ (ಮರಳಿನಲ್ಲಿ) ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಪ್ಪೆ ಬೀಳುವುದಿಲ್ಲ. ಇರುವೆ ಬೀಜ ಹೊತ್ತುಕೊಂಡು ಹೋಗುತ್ತದೆ, ಸುತ್ತ ಸ್ವಲ್ಪ ಅರಸಿನ ಪುಡಿ ಹಾಕಿ. ಇಪ್ಪತ್ತೈದು ಮೂವತ್ತು ದಿನಕ್ಕೆ ಪಲ್ಯಕ್ಕೆ ಬರುತ್ತದೆ.

ಬೀಜ ಎಲ್ಲಿಂದ? ಕೇರಳದಲ್ಲಿ ಪ್ರತಿ ಪಂಚಾಯತಿಗೂ ಒಂದು ಕೃಷಿ ಭವನ ಉಂಟು, ಓಣಂಗೆ ಮೊದಲು ತರಕಾರಿ ಬೀಜದ ಪೊಟ್ಟಣ ಕೊಡುತ್ತಾರೆ. ಆ ಯೋಜನೆಯ ಹೆಸರು "ಓಣತ್ತಿನ್ ಒರು ಮುರಂ ಪಚ್ಚಕ್ಕರಿ", ಅಂದರೆ ಓಣಕ್ಕೆ ಒಂದು ಮೊರ ತರಕಾರಿ. ಮುರಂ ಅಂದರೆ ನಮ್ಮ ಮೊರವೇ. ಪೊಟ್ಟಣದ ಮೇಲೆ ಮಲಯಾಳ ಮಾತ್ರ ಇದ್ದರೆ ಕೇಳಿಕೊಂಡು ಬನ್ನಿ: ವೆಂಡ ಅಂದರೆ ಬೆಂಡೆ, ಪಯರ್ ಅಲಸಂಡೆ, ಚೀರ ಹರಿವೆ, ವಳುದನ ಬದನೆ, ಪಾವಲ್ ಹಾಗಲ, ವೆಳ್ಳರಿ ಸೌತೆ, ಮತ್ತನ್ ಅಂದರೆ ಚೀನಿಕಾಯಿ (ಸಿಹಿಗುಂಬಳ). ಕುಂಬಳಂ ಮಾತ್ರ ನಮ್ಮ ಬೂದಿ ಕುಂಬಳವೇ, ಅದಕ್ಕೆ ಸಂಶಯ ಇಲ್ಲ. ನಾನು ಮತ್ತನ್ ಬೀಜವನ್ನು ಸೌತೆ ಅಂತ ನೆಟ್ಟು ಬಳ್ಳಿ ಅಂಗಳ ದಾಟಿ ಬಚ್ಚಲಿನ ಮಾಡಿಗೆ ಹತ್ತಿದ ಮೇಲೆ ವಿಷಯ ತಿಳಿದವಳು.

ಬಸಳೆಗೆ ಬೀಜ ಬೇಡ, ನೆರೆಮನೆಯಿಂದ ಬಲಿತ ಬಳ್ಳಿ ತನ್ನಿ. ಒಂದು ಗೇಣು ಉದ್ದ, ಮೂರು ನಾಲ್ಕು ಗಂಟು ಇರಬೇಕು. ಎರಡು ಗಂಟು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ಮಲಗಿಸಿ ನೆಡಿ. ಚಪ್ಪರ ಅಡಿಕೆ ಮರ ಸೀಳಿದ ಸಲಾಕೆಯದ್ದು, ನಿಮ್ಮ ಎತ್ತರಕ್ಕೆ ಮಾಡಿ. ಅತ್ತೆಯ ಕಾಲದ ಚಪ್ಪರದಲ್ಲಿ ನಾನು ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಂಡೆ.

ಮಣ್ಣಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮದು ಮುರಮಣ್ಣು, ಹುಳಿ ಮಣ್ಣು, ಇಷ್ಟು ಮಳೆಗೆ ಸಾರ ಎಲ್ಲ ತೊಳೆದು ಹೋಗಿರುತ್ತದೆ. ಗುಳಿಗೆ ಒಂದು ಹಿಡಿ ಸುಣ್ಣದ ಪುಡಿ ಹಾಕಿ ಬೆರೆಸಿ ಎರಡು ವಾರ ಬಿಡಿ, ಗೊಬ್ಬರ ಅದರ ನಂತರ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರ ಹಾರಿ ಹೋಗುತ್ತದೆ. ಆಮೇಲೆ ಸುಡುಮಣ್ಣು. ಇದನ್ನು ಮರೆತವರೇ ಜಾಸ್ತಿ. ಮಳೆ ಬಿಟ್ಟ ಮೇಲೆ ಅಂಗಳದ ತರಗೆಲೆ, ಸಣ್ಣ ಕಡ್ಡಿ, ತೆಂಗಿನ ಸಿಪ್ಪೆ ಒಂದು ಪದರ ಹಾಕಿ, ಅದರ ಮೇಲೆ ಹುಲ್ಲುಸಮೇತ ಕೆತ್ತಿದ ಮೇಲ್ಮಣ್ಣು, ಮತ್ತೆ ತರಗೆಲೆ, ಮತ್ತೆ ಮಣ್ಣು, ಹೀಗೆ ಸೊಂಟದೆತ್ತರಕ್ಕೆ ರಾಶಿ ಮಾಡಿ ಗಾಳಿ ಬರುವ ಬದಿಯಿಂದ ಕಿಚ್ಚು ಕೊಡಿ. ಉರಿಯಬಾರದು, ಹೊಗೆಯಾಡಬೇಕು. ಎಲ್ಲಾದರೂ ಉರಿ ಕಂಡರೆ ಅಲ್ಲಿಗೆ ಒಂದು ಬುಟ್ಟಿ ಮಣ್ಣು ಸುರಿಯಿರಿ. ಮೂರು ನಾಲ್ಕು ದಿನ ಹೊಗೆಯಾಡಿ ತಣ್ಣಗಾದ ಮೇಲೆ ಜರಡಿ ಹಿಡಿದು, ಒಣ ಸಗಣಿ ಪುಡಿ ಸಮಸಮ ಬೆರೆಸಿ ಬುಡಕ್ಕೆ ಹಾಕಿ. ಆ ಹೊಗೆಯ ವಾಸನೆಗೆ ಅತ್ತೆ ಕೋಲು ಊರಿಕೊಂಡು ಹಿತ್ತಿಲಿಗೆ ಬಂದರು, ಐದು ವರ್ಷದಲ್ಲಿ ಮೊದಲ ಸಲ. ಬಂದವರು "ಉರಿ ಜಾಸ್ತಿಯಾಯಿತು" ಅಂತ ಬೈದರು ಅನ್ನುವುದು ಬೇರೆ.

ತೆಂಗಿನ ಮಡಲನ್ನು ಮಾತ್ರ ಸುಡಬೇಡಿ. ಕಾಸರಗೋಡಿನ ಕೂಡ್ಲುವಿನಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಉಂಟಲ್ಲ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು, ಅಲ್ಲಿಯವರು ಮಡಲಿನಿಂದಲೇ ಎರೆಗೊಬ್ಬರ ಮಾಡುವ ಕ್ರಮ ಕಂಡುಹಿಡಿದಿದ್ದಾರೆ. ಮಳೆಗೆ ಬಿದ್ದು ಮೆತ್ತಗಾದ ಮಡಲಿನ ಗರಿ ಹತ್ತು ಪಾಲು, ಸಗಣಿ ಒಂದು ಪಾಲು, ಅದರಲ್ಲಿ ಅವರದ್ದೇ ಜಾತಿಯ ಎರೆಹುಳ. ನೆರಳಲ್ಲಿ ತೇವ ಆರದ ಹಾಗೆ ಇಟ್ಟರೆ ಎರಡೂವರೆ ಮೂರು ತಿಂಗಳಲ್ಲಿ ಚಹಾಪುಡಿಯಂಥ ಗೊಬ್ಬರ. ನಾನು ಹಳೇ ದನದ ಬಾನಿಯಲ್ಲಿ ಮಾಡುತ್ತಿದ್ದೇನೆ. ಸುತ್ತ ನೀರಿನ ಚರಂಡಿ ಮಾಡದಿದ್ದರೆ ಕೆಂಪು ಇರುವೆ ಬಂದು ಹುಳ ಮುಗಿಸುತ್ತದೆ.

ಅಲಸಂಡೆಗೆ ಕಪ್ಪು ಹೇನು ಬಂದೇ ಬರುತ್ತದೆ. ಬೆಳಗ್ಗೆ ಇಬ್ಬನಿ ಇರುವಾಗಲೇ ಒಲೆಬೂದಿ ಎರಚಿ. ಅದಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 20 ಮಿಲಿ ಬೇವಿನ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿ ಅರೆದ ರಸ, 5 ಗ್ರಾಂ ಬಟ್ಟೆ ಸೋಪು. ಸೋಪನ್ನು ಸ್ವಲ್ಪ ಬಿಸಿನೀರಿನಲ್ಲಿ ಮೊದಲು ಕರಗಿಸಿ ಎಣ್ಣೆ ಬೆರೆಸಿ, ಇಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ. ಸಂಜೆ ಹೊತ್ತು ಎಲೆಯ ಅಡಿಗೆ ಹೊಡೆಯಿರಿ. ಇದಕ್ಕಿಂತ ಕಟುವಾದ್ದು ಬೇಡ ಅಂತ ನಮ್ಮ ಎಣ್ಮಕಜೆ, ಬೆಳ್ಳೂರು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು ನಿಂತದ್ದು 2000ದ ಹೊತ್ತಿಗೆ, ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿದ್ದು 2011ರಲ್ಲಿ. ಅದರ ನೋವು ಇವತ್ತಿಗೂ ಮನೆಮನೆಯಲ್ಲಿ ಉಂಟು.

ನವಿಲು, ಹಂದಿ, ಮಂಗ: ಮೂರಕ್ಕೂ ಒಂದೇ ಮದ್ದಿಲ್ಲ. ಹಂದಿಗೆ ಸುತ್ತ ಹಳೇ ಸೀರೆ ಕಟ್ಟಿದರೆ ಸ್ವಲ್ಪ ದಿನ ಹೆದರುತ್ತದೆ. ಸೀರೆ ಅಂದಾಗ ನೆನಪಾಯಿತು, ಹಳೇ ಸೀರೆ ಪೂರಾ ಬೇಲಿಗೆ ಕೊಡಬೇಡಿ. ಹಂದಿಗೆ ಪಾಲಿಯೆಸ್ಟರ್, ಮಗಳಿಗೆ ಹತ್ತಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಾಳೆಯ ದೊನ್ನೆಯಲ್ಲಿ ಸಸಿ

ಬದನೆ, ಮೆಣಸಿನ ಸಸಿ ಮಾಡಲು ಪ್ಲಾಸ್ಟಿಕ್ ಕಪ್ ಯಾಕೆ, ತೋಟದಲ್ಲಿ ದಿನಾ ಅಡಿಕೆ ಹಾಳೆ ಬೀಳುತ್ತದಲ್ವಾ. ಬಿದ್ದ ದಿನವೇ ಹೆಕ್ಕಿ, ಮಳೆಗೆ ನೆನೆದು ಬೂಸ್ಟು ಹಿಡಿದದ್ದು ಬೇಡ. ಎಲೆ ಕಡಿದು, ಹಾಳೆಯ ಮಧ್ಯದ ದಪ್ಪ ಭಾಗದಿಂದ ಒಂದೊಂದು ಗೇಣಿನ ಚೌಕ ಕತ್ತರಿಸಿ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ಒಣ ಹಾಳೆ ಮಡಚಿದರೆ ಒಡೆಯುತ್ತದೆ. ಮೆತ್ತಗಾದ ಮೇಲೆ ನಯವಾದ ಬದಿ ಒಳಗೆ ಬರುವ ಹಾಗೆ ನಾಲ್ಕೂ ಬದಿ ಮೇಲೆತ್ತಿ, ಮೂಲೆಯ ಮಡಿಕೆಯನ್ನು ಬದಿಗೆ ಒತ್ತಿ ತೆಂಗಿನ ಹಿಡಿಸೂಡಿ ಕಡ್ಡಿಯ ತುಂಡು ಚುಚ್ಚಿ. ನಾರು ಉದ್ದಕ್ಕೆ ಇರುವ ಕಡೆ ಸೀಳು ಬರುತ್ತದೆ, ಕಡ್ಡಿಯನ್ನು ನಾರಿಗೆ ಅಡ್ಡ ಹಾಕಬೇಕು. ಅಡಿಗೆ ಒಂದು ತೂತು. ಮಣ್ಣು, ಹೊಯಿಗೆ, ಎರೆಗೊಬ್ಬರ ಸಮಪಾಲು ತುಂಬಿ ಎರಡು ಬೀಜ ಹಾಕಿ. ಒಂದು ತಿಂಗಳಿಗೆ ನಾಲ್ಕೈದು ಎಲೆ ಬಂದಾಗ ದೊನ್ನೆ ಸಮೇತ ಗುಳಿಗೆ ಇಟ್ಟರೆ ಆಯಿತು, ಬೇರಿಗೆ ಪೆಟ್ಟಾಗುವುದಿಲ್ಲ, ಹಾಳೆ ಅಲ್ಲೇ ಗೊಬ್ಬರವಾಗುತ್ತದೆ.

ಇದೇ ಉಮೇದಿನಲ್ಲಿ ಮುಟ್ಟಾಳೆ, ಅಂದರೆ ಹಾಳೆಯ ಟೊಪ್ಪಿ, ಮಾಡಲೂ ಹೋದೆ. ನಾಲ್ಕು ಹಾಳೆ ಹಾಳು. ಅದು ಬೇರೆಯೇ ವಿದ್ಯೆ, ಗೊತ್ತಿರುವವರ ಹತ್ತಿರ ಕೂತು ಕಲಿಯಬೇಕು.

ಎರಡು ಸೀರೆಯ ಹೊದಿಕೆ

ಸಣ್ಣವಳು ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಹೇಳಿದಳು, "ಇಲ್ಲಿ ಬೆಳಗ್ಗಿನ ಹೊತ್ತು ಚಳಿ ಅಮ್ಮಾ. ಹಾಸ್ಟೆಲಿನ ಕಂಬಳಿ ಚುಚ್ಚುತ್ತದೆ." ಪೇಟೆಯಿಂದ ಒಂದು ರಗ್ಗು ಕಳಿಸಬಹುದಿತ್ತು. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಎಂಟೂವರೆ ತನಕ ನನಗೆ ಮಾಡಲು ಏನೂ ಇರಲಿಲ್ಲ, ಅದಕ್ಕೆ ಹೊಲಿಯಲು ಕೂತೆ.

ಒಂದು ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 115 ಸೆಂಟಿಮೀಟರ್ ಅಗಲ. ನಡುವೆ ಮಡಚಿದರೆ ಎರಡು ಪದರ, ಎರಡೂಮುಕ್ಕಾಲು ಮೀಟರ್. ಹಾಸ್ಟೆಲಿನ ಮಂಚಕ್ಕೆ ಅಷ್ಟುದ್ದ ಬೇಡ, 2.2 ಮೀಟರಿಗೆ ಕತ್ತರಿಸಿ, ಉಳಿದ ತುಂಡು ಅಂಚಿಗೆ ಬರುತ್ತದೆ. ಇಂಥ ಎರಡು ಸೀರೆ ಒಂದರ ಮೇಲೊಂದು ಇಟ್ಟರೆ ನಾಲ್ಕು ಪದರ, ಬೆಂಗಳೂರಿಗೆ ಇಷ್ಟು ಸಾಕು. ತುಂಬ ತೊಳೆದು ಮೆತ್ತಗಾದ ಹತ್ತಿ ಸೀರೆಯೇ ಆಗಬೇಕು. ಗಂಜಿ ಹಾಕಿದ್ದಿದ್ದರೆ ಬಿಸಿನೀರಿನಲ್ಲಿ ನೆನೆಸಿ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಸೂಜಿ ಇಳಿಯುವುದಿಲ್ಲ. ನಮ್ಮ ಅಮ್ಮನ ಕಾಸರಗೋಡು ಸೀರೆಯೊಂದು ಪೆಟ್ಟಿಗೆಯಲ್ಲಿತ್ತು, ಕೈಮಗ್ಗದ್ದು. ಅದನ್ನು ಹಾಕೋಣ ಅಂತ ಕತ್ತರಿ ಹಿಡಿದು ಹೋಗಿ ಮತ್ತೆ ಪೆಟ್ಟಿಗೆಗೇ ಇಟ್ಟೆ. ನೇಯ್ಗೆ ಅಷ್ಟು ದಟ್ಟ, ಇನ್ನೂ ಇಪ್ಪತ್ತು ವರ್ಷ ಉಡಬಹುದು. ಅಂಥದ್ದನ್ನು ಕತ್ತರಿಸಬೇಡಿ.

ನೆಲ ಒರೆಸಿ ಒಣಗಿಸಿ ನಾಲ್ಕೂ ಪದರ ಹಾಸಿ, ಮೂಲೆಗಳ ಮೇಲೆ ಕಲ್ಲಿಡಿ. ಮಧ್ಯದಿಂದ ಹೊರಗೆ ಕೈಯಲ್ಲಿ ಸವರಿ ಸುಕ್ಕು ತೆಗೆಯಿರಿ. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ, ಒಂದೊಂದು ಗೇಣಿಗೆ ಒಂದು ಸಾಲು, ಅದೂ ಮಧ್ಯದಿಂದ ಹೊರಗೆ. ನಾನು ಮೊದಲ ಸಲ ಅಂಚಿನಿಂದ ಶುರು ಮಾಡಿ ನಡುವಿಗೆ ಬರುವಾಗ ಅಡಿಯ ಸೀರೆ ಗೋಣಿಯ ಹಾಗೆ ಉಬ್ಬಿ ನಿಂತಿತ್ತು, ಎಂಟು ಸಾಲು ಬಿಚ್ಚಬೇಕಾಯಿತು. ಕಚ್ಚಾ ಹೊಲಿಗೆ ಆದ ಮೇಲೆ ದಪ್ಪ ಹತ್ತಿ ನೂಲು, ಉದ್ದದ ಸೂಜಿ, ಕೈ ಚಾಚಿದಷ್ಟೇ ನೂಲು. ಉದ್ದ ತೆಗೆದುಕೊಂಡರೆ ಬೇಗ ಮುಗಿಯುತ್ತದೆ ಅಂತ ಅನಿಸುತ್ತದೆ, ಗಂಟು ಬಿಡಿಸುವುದರಲ್ಲೇ ರಾತ್ರಿಯಾಗುತ್ತದೆ. ಸಾಲಿನಿಂದ ಸಾಲಿಗೆ ಎರಡು ಬೆರಳು ಬಿಡಿ. ಆಗ ಸುಮಾರು ಮೂವತ್ತು ಸಾಲು ಬರುತ್ತದೆ, ದಿನಕ್ಕೆ ಒಂದರಂತೆ ಒಂದು ತಿಂಗಳು. ಹೊಲಿಗೆ ಸೊಟ್ಟ ಬಂದರೆ ಬರಲಿ. ಅಂಚಿಗೆ ಉಳಿದ ಸೀರೆಯ ಪಟ್ಟಿ ಮಡಚಿ ಎರಡು ಸಲ ಹೊಲಿಯಿರಿ, ಮೊದಲು ಹರಿಯುವುದು ಅದೇ.

ಮಧ್ಯಕ್ಕೆ ಅವಳ ಆರನೇ ಕ್ಲಾಸಿನ ಯೂನಿಫಾರ್ಮಿನ ಒಂದು ತುಂಡು ಇಟ್ಟು ಹೊಲಿದೆ. "ಅದೊಂದು ಯಾಕೆ ಹಾಕಿದ್ದು ಅಮ್ಮಾ, ಎಲ್ಲರೂ ನೋಡುತ್ತಾರೆ" ಅಂತ ಗೊಣಗಿದಳು. ಆ ಬದಿ ಅಡಿಗೆ ಹಾಕಿ ಹೊದೆಯುತ್ತಾಳಂತೆ.

ಇವರ ವಿಷಯ ಹೇಳದಿದ್ದರೆ ಸರಿಯಾಗುವುದಿಲ್ಲ. ಇವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ನಾನು ಹೊಲಿಯಲು ಕೂತ ದಿನದಿಂದ ಟಿವಿ ಸಣ್ಣ ಮಾಡಿ ಪಕ್ಕದಲ್ಲೇ ಕೂರತೊಡಗಿದರು, ನನ್ನ ಕಣ್ಣಿಗೆ ಕಾಣದಾದಾಗ ಸೂಜಿಗೆ ನೂಲು ಪೋಣಿಸಿ ಕೊಟ್ಟರು. ಮಕ್ಕಳಿರುವಾಗ ನಾವಿಬ್ಬರು ಮಾತಾಡಿದ್ದೆಲ್ಲ ಮಕ್ಕಳ ಫೀಸು, ಪರೀಕ್ಷೆ. ಬೇರೆ ಮಾತು ಬರಲು ಕೈಗೆ ಒಂದು ಕೆಲಸ ಇದ್ದರೆ ಸುಲಭ, ಎದುರೆದುರು ಕೂತು "ಮಾತಾಡಿ" ಅಂದರೆ ಯಾರಿಗೂ ಬರುವುದಿಲ್ಲ.

ಕೋಣೆ ಮತ್ತು ಬ್ಯಾಗು

ಅವಳ ಕೋಣೆಯನ್ನು ದೇವರ ಕೋಣೆ ಮಾಡಬೇಡಿ, ಅಡಿಕೆ ಕೊಟ್ಟಿಗೆಯೂ ಮಾಡಬೇಡಿ. ನಮ್ಮಲ್ಲಿ ಎರಡನೆಯದಾಯಿತು. ಮಳೆಗೆ ಒಣಗುವುದಿಲ್ಲ ಅಂತ ಅತ್ತೆ ಅಲಸಂಡೆ ಬೀಜವನ್ನು ಅವಳ ಮಂಚದ ಮೇಲೆ ಹರಡಿದರು, ನಾನು ಹಪ್ಪಳದ ಡಬ್ಬ ಇಟ್ಟೆ, ಇವರು ಎರಡು ಗೋಣಿ. ದೀಪಾವಳಿಗೆ ಬಂದವಳು ಬಾಗಿಲಲ್ಲೇ ನಿಂತು ಏನೂ ಹೇಳಲಿಲ್ಲ, ರಾತ್ರಿ ಅಜ್ಜಿಯ ಹತ್ತಿರ ಮಲಗಿದಳು. ಈಗ ಅವಳನ್ನು ಕೇಳಿಯೇ ಒಂದು ಗೋಡೆ ನನ್ನ ಹೊಲಿಗೆಗೆ ತೆಗೆದುಕೊಂಡಿದ್ದೇನೆ, ಮಂಚ, ಮೇಜು, ಒಂದು ಕಪಾಟು ಅವಳದ್ದು.

ಕಳಿಸುವ ತಿಂಡಿಯಲ್ಲಿ ತೆಂಗಿನಕಾಯಿ ಹಸಿಯಾಗಿ ಇರುವ ಯಾವುದೂ ಬೇಡ. ಹಲಸಿನ ಹಪ್ಪಳ, ಮಾಂಬಳ (ಒಣಗಿಸಿದ ಮಾವಿನ ರಸ), ಬಾಳೆಕಾಯಿ ಚಿಪ್ಸ್, ಸಾರಿನ ಪುಡಿ ಇವೆಲ್ಲ ತಾಳುತ್ತವೆ. ಮಿಡಿ ಉಪ್ಪಿನಕಾಯಿಯ ಬಾಟಲಿ ಮೊದಲ ಸಲ ರೈಲಿನಲ್ಲೇ ಒಸರಿ ಅವಳ ಎರಡು ಚೂಡಿದಾರ್ ಹೋಯಿತು. ಮುಚ್ಚಳದಡಿ ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಗಿಸಿ, ಬಾಟಲಿಯನ್ನು ಸ್ಟೀಲ್ ಡಬ್ಬದೊಳಗೆ ನೆಟ್ಟಗೆ ನಿಲ್ಲಿಸಿ, ಸುತ್ತ ಹಳೇ ಬಟ್ಟೆ ತುರುಕಿ. ಒಬ್ಬಳಿಗಲ್ಲ, ಕೋಣೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಜನಕ್ಕೆ ಕಳಿಸಿ, ಇಲ್ಲದಿದ್ದರೆ ಅವಳಿಗೇ ಸಿಗುವುದಿಲ್ಲ.

ಧನುವಿನಲ್ಲಿ ಹಾಕಿದ ನಾಲ್ಕು ಸೌತೆ ಬುಡದಲ್ಲಿ ಮಾರ್ಚ್ ಹೊತ್ತಿಗೆ ಹದಿನೇಳು ಕಾಯಿ ಸಿಕ್ಕಿತು. ಹಳದಿ ಬಣ್ಣ ಪೂರ್ತಿ ಬಂದ ಮೇಲೆ, ತೊಟ್ಟು ಸ್ವಲ್ಪ ಉಳಿಸಿ ಕೊಯ್ಯಬೇಕು, ತೊಳೆಯಬಾರದು. ಒಂದಕ್ಕೊಂದು ತಾಗದ ಹಾಗೆ ಬಾಳೆನಾರಿನಲ್ಲಿ ಕಟ್ಟಿ ಅಡಿಗೆಮನೆಯ ಮಾಡಿನ ಅಡ್ಡಕ್ಕೆ ನೇತು ಹಾಕಿದರೆ ಮಳೆಗಾಲದ ತನಕ ಬರುತ್ತದೆ. ವಾರಕ್ಕೊಮ್ಮೆ ಮುಟ್ಟಿ ನೋಡಿ, ಮೆತ್ತಗಾದದ್ದನ್ನು ಅವತ್ತೇ ಅಡಿಗೆ ಮಾಡಿ. ಎಲ್ಲಕ್ಕಿಂತ ಚಂದದ್ದನ್ನು ಬಿಸು ಕಣಿಗೆ, ಅಂದರೆ ಏಪ್ರಿಲ್‌ನ ನಮ್ಮ ಸೌರ ಯುಗಾದಿಯ ಬೆಳಗ್ಗೆ ಮೊದಲು ನೋಡುವ ಫಲವಸ್ತುಗಳ ಜೊತೆ ಇಡಲು, ಅಂತ ಅತ್ತೆ ಗುರುತು ಮಾಡಿ ಇಟ್ಟಿದ್ದರು.

ಬಿಸುವಿಗೆ ಅವಳು ಬಂದಳು, ಜೊತೆಗೆ ಕೋಣೆಯ ಇಬ್ಬರು ಹುಡುಗಿಯರು, ಒಬ್ಬಳು ಹಾಸನದವಳು, ಒಬ್ಬಳು ಧಾರವಾಡದವಳು. ನಾನು ಬೆಳಗ್ಗೆ ಕಣಿ, ಪಾಯಸ ಅಂತ ಗಡಿಬಿಡಿಯಲ್ಲಿ ಕೈಯ ಅಭ್ಯಾಸದಂತೆ ಒಂದೂಕಾಲು ಕುಡ್ತೆ ಅಕ್ಕಿ ಒಲೆಗೆ ಇಟ್ಟಿದ್ದೆ. ಎಲೆ ಹಾಕಿ ಬಡಿಸುವಾಗಲೇ ಗೊತ್ತಾದದ್ದು. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು, ಅದಕ್ಕೇ ಇವರು ಸುಮ್ನೆ ಎದ್ದು ಮೇಲಿನ ಶೆಲ್ಫಿನಿಂದ ದೊಡ್ಡ ಪಾತ್ರೆ ಇಳಿಸಿದರು, ಬೆಳ್ತಿಗೆ ಅಕ್ಕಿ ಎರಡು ಕುಡ್ತೆ ಹಾಕಿದೆವು.